ಸುಮ್ಮನೆ ನಿಂತಿದ್ದ ವೆಲ್ಡಾ

ವೆಲ್ಡಾ ಉಬ್ಬೆನ್ ನಾಲ್ಕು ವರ್ಷ ಡಿಟ್‌ಮರ್ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದಳು. ಆ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ಚೆಂಡನ್ನು ಬುಟ್ಟಿಗೆ ಹಾಕಲಿಲ್ಲ. ಹಾಕಲು ಹೋಗಿ ಸೋತಳು ಅಂದುಕೊಂಡೀರಿ ಮತ್ತೆ! ಅವಳು ಹಾಕಲು ಹೋಗಲೇ ಇಲ್ಲ. ಹೋಗುವ ಹಾಗೂ ಇರಲಿಲ್ಲ.

ನಮ್ಮ ಕಾಲದಲ್ಲಿ ಅಮೆರಿಕದ ಈ ಅಯೋವಾ ರಾಜ್ಯದಲ್ಲಿ ಹುಡುಗಿಯರ ಆಟವೇ ಬೇರೆ. ಒಂದು ತಂಡಕ್ಕೆ ಆರು ಜನ, ಅಂಕಣದ ನಟ್ಟನಡುವೆ ಒಂದು ಗೆರೆ. ಗೆರೆಯ ಈ ಕಡೆ ನಮ್ಮ ಮೂವರು, ಚೆಂಡು ಹಾಕುವವರು. ಆ ಕಡೆ ನಮ್ಮ ಇನ್ನು ಮೂವರು, ಎದುರಾಳಿಗಳು ಹಾಕದಂತೆ ತಡೆಯುವವರು. ಇವರು ಅತ್ತ ಹೋಗುವಂತಿಲ್ಲ, ಅವರು ಇತ್ತ ಬರುವಂತಿಲ್ಲ. ಕಾಲು ಗೆರೆ ದಾಟಿದರೆ ಸೀಟಿ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಬಡಿದರೂ ಸೀಟಿ. ಹುಡುಗಿಯರು ಪೂರ್ತಿ ಅಂಕಣ ಓಡಿದರೆ ಗರ್ಭಕೋಶ ಜಾರಿಬಿಡುತ್ತದೆ ಅಂತ ಯಾವನೋ ಪುಣ್ಯಾತ್ಮ ಹೇಳಿದ್ದನಂತೆ. ನಾವೆಲ್ಲ ಬೆಳಿಗ್ಗೆ ಎದ್ದು ಹಾಲು ಕರೆದು, ಹಂದಿಗಳಿಗೆ ತಿನ್ನಲು ಹಾಕಿ, ಹುಲ್ಲಿನ ಪೆಂಡಿ ಹೊತ್ತು ಸ್ಕೂಲಿಗೆ ಬರುತ್ತಿದ್ದವರು. ಆಗೆಲ್ಲ ಏನೂ ಜಾರುತ್ತಿರಲಿಲ್ಲ, ಆ ಗೆರೆ ದಾಟಿದ ತಕ್ಷಣ ಜಾರಿಬಿಡುತ್ತಿತ್ತಂತೆ!

ನಾನು ಮಿರ್ನಾ ಫ್ರೀಸ್. ಹಾಕುವವಳು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಯಾಕೆಂದರೆ ಹೇಳುವವರು ಈಗ ಹೆಚ್ಚು ಜನ ಉಳಿದಿಲ್ಲ: ನನ್ನಂತೆ ಹಾಕುವವಳು ನಮ್ಮ ಸುತ್ತಮುತ್ತ ಇನ್ನೊಬ್ಬಳಿರಲಿಲ್ಲ. ಪೇಪರಿನಲ್ಲಿ ಫೋಟೋ ಬರುತ್ತಿತ್ತು. ಕಟ್ಟಿಂಗ್ ಶಾಪಿನಲ್ಲಿ ಗಂಡಸರು ನನ್ನ ಹೆಸರು ಹೇಳಿಕೊಂಡು ಜಗಳವಾಡುತ್ತಿದ್ದರು. ಕಿರಾಣಿ ಅಂಗಡಿಯವನು ಪುಕ್ಕಟೆ ಕ್ಯಾಂಡಿ ಕೊಡುತ್ತಿದ್ದ. ಅದೇ ಅಂಗಡಿಗೆ ವೆಲ್ಡಾ ಹೋದರೆ, "ನೀನೂ ಸ್ಕೂಲಿಗೆ ಹೋಗ್ತೀಯೇನಮ್ಮ?" ಅಂತ ಕೇಳಿದ್ದ.

ನಾವು ರಾಜಧಾನಿ ಡೆ ಮೊಯಿನ್‌ಗೆ, ರಾಜ್ಯ ಪಂದ್ಯಕ್ಕೆ ಹೋದ ವರ್ಷದ ಕಥೆ ಕೇಳಿ. ಡಿಟ್‌ಮರ್‌ನಿಂದ ಅಲ್ಲಿಗೆ ಹೋದ ಮೊದಲ ತಂಡ ನಮ್ಮದೇ. ಎದುರಾಳಿ ತಂಡದಲ್ಲಿ ಕೆಂಪು ಕೂದಲಿನ ಒಬ್ಬ ಹುಡುಗಿ, ಮನೆಯ ಬಾಗಿಲಷ್ಟು ಎತ್ತರ. ಅವಳನ್ನು ತಡೆಯುವ ಕೆಲಸ ವೆಲ್ಡಾಳದು. ವೆಲ್ಡಾ ಕುಳ್ಳಿ, ಕೈ ಮಾತ್ರ ಯಾರೋ ಎತ್ತರದವರಿಂದ ಎರವಲು ತಂದವು. ಆ ಕೆಂಪು ಕೂದಲಿನವಳಿಗೆ ಅವತ್ತು ಏನೂ ಹರಿಯಲಿಲ್ಲ. ಕೊನೆಗೆ ಅಳುತ್ತಾ ಬೆಂಚಿನ ಮೇಲೆ ಕೂತಳು. ಮರುದಿನ ಪೇಪರಿನಲ್ಲಿ ನನ್ನ ಫೋಟೋ ಬಂತು. ಕೆಳಗೆ, ಪಾಪ, ಆ ಹುಡುಗಿಗೆ 'ಅದೊಂದು ಕೆಟ್ಟ ದಿನ' ಅಂತ ಬರೆದಿದ್ದರು. ಆ ಕೆಟ್ಟ ದಿನದ ಹೆಸರು ವೆಲ್ಡಾ ಅಂತ ಒಬ್ಬನೂ ಬರೆಯಲಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ. ದಿನಾ ಸಂಜೆ ಅಭ್ಯಾಸದಲ್ಲಿ ನಾನು ಆಡುತ್ತಿದ್ದದ್ದು ಯಾರ ಎದುರು? ವೆಲ್ಡಾ ಎದುರು. ಊರಿನವರ ಮುಂದೆ ರಾಶಿ ರಾಶಿ ಹಾಕುತ್ತಿದ್ದ ನಾನು, ಖಾಲಿ ಅಂಕಣದಲ್ಲಿ ಅವಳ ಮುಂದೆ ಬೆವರಿಳಿಸಿಕೊಂಡು ಅಂಗಲಾಚುವುದೊಂದು ಬಾಕಿ. ಅಲ್ಲಿ ಕಲಿತದ್ದನ್ನೇ ನಾನು ಬೇರೆಯವರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅಭ್ಯಾಸ ನೋಡಲು ಯಾರು ಬರುತ್ತಾರೆ? ಯಾರೂ ಬರುತ್ತಿರಲಿಲ್ಲ.

ಅವಳ ವಿದ್ಯೆ ಸರಳ. "ಮುಖ ನೋಡ್ಬಾರ್ದು ಕಣೇ, ಸೊಂಟ ನೋಡ್ಬೇಕು," ಅನ್ನುತ್ತಿದ್ದಳು. "ನೀನು ಕಣ್ಣಲ್ಲಿ ಎಷ್ಟು ನಾಟಕ ಆಡಿದ್ರೂ, ನಿನ್ನ ಸೊಂಟ ಬಿಟ್ಟು ನೀನು ಎಲ್ಲಿಗೂ ಹೋಗಕ್ಕಾಗಲ್ಲ."

ಸ್ಕೂಲು ಮುಗಿದರೂ ಅವಳ ಆಟ ಮುಗಿಯಲಿಲ್ಲ. ಎಲ್ಡನ್ ಉಬ್ಬೆನ್ ಅವಳ ಹಿಂದೆ ಬಿದ್ದಾಗ, ಪಾಪ, ಅವನ ಪಾಡು ನಾಯಿಗೂ ಬೇಡ. ಈಗಲೂ ಚರ್ಚಿನ ಊಟದಲ್ಲಿ ಆ ಕಥೆ ತೆಗೆಯುತ್ತಾನೆ. "ಸಿನಿಮಾದಲ್ಲಿ ಹೆಗಲ ಮೇಲೆ ಕೈ ಹಾಕೋಕೆ ಹೋದೆ, ತಡೆದ್ಲು. ಕಾರಲ್ಲಿ ಮುತ್ತು ಕೊಡೋಕೆ ಹೋದೆ, ತಡೆದ್ಲು. ಬಾಗ್ಲಲ್ಲಿ ಆಕಡೆ ನೋಡಿ ಈಕಡೆ ನುಗ್ಗಿದೆ, ಅವಳು ನನ್ನ ಸೊಂಟ ನೋಡ್ತಾ ನಿಂತಿದಾಳೆ! ಇಡೀ ಬೇಸಿಗೆ ಒಂದೂ ಬುಟ್ಟಿಗೆ ಬೀಳ್ಲಿಲ್ಲ ನೋಡಿ."

"ಆಮೇಲೆ ಹೇಗಪ್ಪ ಬಿತ್ತು?" ಅಂತ ಯಾರಾದರೂ ಕೇಳುತ್ತಾರೆ.

"ಸುಸ್ತಾಗಿ ಕೂತ್ಬಿಟ್ಟೆ. ಅವಳೇ ಬಂದು ಪಕ್ಕದಲ್ಲಿ ಕೂತ್ಲು."

ಅವರ ಮದುವೆಯಾದ ಮೇಲೆ ಒಂದು ದಿನ ಕಸಾಯಿ ಅಂಗಡಿಯ ಮುಂದೆ ಟ್ರಕ್ಕಿನಿಂದ ಇಳಿಸುವಾಗ ಒಂದು ಹೆಣ್ಣುಹಂದಿ ತಪ್ಪಿಸಿಕೊಂಡು ಪೇಟೆ ಬೀದಿಗೆ ನುಗ್ಗಿತು. ಗಂಡಸರೆಲ್ಲ ಕೂಗಾಡುತ್ತಾ ಹಿಂದೆ ಓಡಿದರು, ಒಬ್ಬನಂತೂ ಅಂಚೆ ಡಬ್ಬಿಗೆ ಡಿಕ್ಕಿ ಹೊಡೆದು ಬಿದ್ದ. ಏಳು ತಿಂಗಳ ಬಸುರಿ ವೆಲ್ಡಾ ಕೈಚೀಲ ಕೆಳಗಿಟ್ಟಳು, ಮೊಣಕಾಲು ಮಡಿಸಿದಳು, ಕೈ ಚಾಚಿದಳು. ಹಂದಿ ಎಡಕ್ಕೆ ಬಂದರೆ ಎಡಕ್ಕೆ ಜಾರಿದಳು, ಬಲಕ್ಕೆ ಬಂದರೆ ಬಲಕ್ಕೆ. ಕೊನೆಗೆ ಆ ಹಂದಿ ರಸ್ತೆ ಮಧ್ಯೆ ಕುಂಡೆ ಊರಿ ಕೂತುಬಿಟ್ಟಿತು. ಆ ಕೆಂಪು ಕೂದಲಿನ ಹುಡುಗಿ ಅತ್ತದ್ದು ನನಗೆ ಆಗ ನೆನಪಾಯಿತು.

ಹೀಗಿದ್ದವಳು, ಮೊನ್ನೆ ಚಳಿಗಾಲದಲ್ಲಿ, ಸ್ಕೂಲಿನವರು ನಮ್ಮನ್ನು ಸನ್ಮಾನಿಸುತ್ತಾರೆ ಅಂದಾಗ ಬರುವುದಿಲ್ಲ ಅಂತ ಹಠ ಹಿಡಿದು ಕೂತಳು.

ಸುದ್ದಿ ತಂದವನು ಕೋಲ್ಟನ್, ಸ್ಕೂಲಿನ ಆಟೋಟದ ಮೇಷ್ಟ್ರು. ಒಳ್ಳೆಯ ಹುಡುಗ, ಬಾಯಿ ತುಂಬ ಹಲ್ಲು. ನಮ್ಮ ಆರು ಜನರ ಆಟ ನಿಂತು ಐದು ಜನರ ಆಟ ಬಂದಾಗ ಅವನಿನ್ನೂ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದ. ಹುಡುಗಿಯರ ಪಂದ್ಯದ ಮಧ್ಯೆ ವಿರಾಮದಲ್ಲಿ ನಮ್ಮನ್ನೆಲ್ಲ ಅಂಕಣಕ್ಕೆ ಕರೆದು, ಹೂ ಕೊಟ್ಟು, ಒಬ್ಬೊಬ್ಬರಿಂದ ಒಂದೊಂದು ಸಲ ಚೆಂಡು ಹಾಕಿಸುವುದು ಅವನ ಯೋಜನೆ. "ಬೇಕಾದ್ರೆ ಬುಟ್ಟಿ ಸ್ವಲ್ಪ ಕೆಳಗಿಳಿಸ್ತೀವಿ, ಮಿಸೆಸ್ ಫ್ರೀಸ್," ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ಬುಟ್ಟಿ ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ.

ವೆಲ್ಡಾ ಫೋನಿನಲ್ಲೇ, "ಒಲ್ಲೆ," ಅಂದುಬಿಟ್ಟಳು. ಬಿಟ್ಟೇನೆಯೆ? ಕಾರು ತೆಗೆದುಕೊಂಡು ಮನೆಗೇ ಹೋದೆ.

ನಮ್ಮ ಹಿರಿಯರು ಜರ್ಮನಿಯ ಕಡಲ ತೀರದಿಂದ ಬರುವಾಗ ತಂದದ್ದು ಎರಡು: ಹಠ ಮತ್ತು ಟೀ. ಬಟ್ಟಲಿನ ತಳಕ್ಕೆ ಕಲ್ಲುಸಕ್ಕರೆ, ಮೇಲೆ ಕಪ್ಪಗಿನ ಬಿಸಿ ಟೀ, ಅದರ ಮೇಲೆ ಒಂದು ಚಮಚ ಕೆನೆ. ಬಂದವರು ಖಾಲಿ ಬಟ್ಟಲಿನೊಳಗೆ ಚಮಚ ಇಡುವ ತನಕ ಮನೆಯವರು ಬಗ್ಗಿಸುತ್ತಲೇ ಇರಬೇಕು. ಚಮಚ ಇಟ್ಟರೆ ಸಾಕು ಅಂತ ಅರ್ಥ, ಆಮೇಲೆ ಹೊರಡಬೇಕು. ನಾನು ಚಮಚವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತೆ.

"ಒಪ್ಕೊಳ್ಳೋ ತನಕ ಚಮಚ ಇಡಲ್ಲ," ಅಂದೆ.

"ಕುಡಿ. ಡಬ್ಬಿ ತುಂಬ ಟೀ ಸೊಪ್ಪಿದೆ," ಅಂದು ಬಗ್ಗಿಸಿದಳು.

ಕುಡಿದೆ. ಬಗ್ಗಿಸಿದಳು. ಕುಡಿದೆ. ಎಲ್ಡನ್ ಒಂದು ಸಲ ಅಡುಗೆಮನೆಗೆ ತಲೆ ಹಾಕಿ, ಇಬ್ಬರ ಮುಖ ನೋಡಿ, ತಲೆಯನ್ನು ವಾಪಸು ತೆಗೆದುಕೊಂಡ.

"ಯಾಕೆ ಬರಲ್ಲ, ಅದನ್ನಾದ್ರೂ ಬೊಗಳೇ."

ಅವಳು ಟೀ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. "ಹೋದ ಭಾನುವಾರ ಬ್ರಿನ್ ಊಟಕ್ಕೆ ಬಂದಿದ್ಲು." ಬ್ರಿನ್ ಅವಳ ಮೊಮ್ಮಗಳು, ಈಗ ಅದೇ ಸ್ಕೂಲಿನ ತಂಡದಲ್ಲಿ ಆಡುತ್ತಾಳೆ. "ಅಜ್ಜಿ, ನೀವು ಒಟ್ಟು ಎಷ್ಟು ಹಾಕಿದ್ರಿ ಅಂದ್ಲು. ಒಂದೂ ಇಲ್ಲಮ್ಮ ಅಂದೆ. ನಾಲ್ಕು ವರ್ಷದಲ್ಲಾ ಅಂದ್ಲು. ಹೂಂ ಅಂದೆ. ನಕ್ಕುಬಿಟ್ಲು ಮಿರ್ನಾ. ಕೆಟ್ಟ ಹುಡುಗಿ ಅಲ್ಲ ಅವಳು, ನಗು ತಡೆಯಕ್ಕಾಗ್ಲಿಲ್ಲ ಅಷ್ಟೆ. ಈಗ ಅಲ್ಲಿ ಹೋಗಿ ಊರೋರ ಮುಂದೆ ಎಸೀಬೇಕಾ? ಜನ್ಮದಲ್ಲಿ ಎಸೆದಿಲ್ಲ. ಚೆಂಡು ಎಲ್ಲೋ ಹೋಗುತ್ತೆ. ಅವಳು ಮತ್ತೆ ನಗ್ತಾಳೆ."

ನನ್ನ ಬಟ್ಟಲಿಗೆ ಮತ್ತೆ ಬಗ್ಗಿಸಿದಳು.

"ನಾನು ಆಡಿದ್ದು ನಿಜ ತಾನೇ?" ಅಂದಳು. "ನೀನು ನೋಡಿದ್ದೀಯಲ್ಲ?"

ತಲೆಯಾಡಿಸಿದೆ. ಅಷ್ಟರಲ್ಲಿ ಹೊಟ್ಟೆಯಲ್ಲಿದ್ದ ಟೀ ಇನ್ನು ತಡೆಯುವುದಿಲ್ಲ ಅನ್ನುತ್ತಿತ್ತು. ಬಚ್ಚಲಿಗೆ ಓಡಿದೆ. ಅವಸರದಲ್ಲಿ ಚಮಚ ಮೇಜಿನ ಮೇಲೆ ಬಿಟ್ಟುಹೋಗಿದ್ದೆ. ಬಂದು ನೋಡುತ್ತೇನೆ, ನನ್ನ ಚಮಚ ನನ್ನ ಬಟ್ಟಲಿನೊಳಗೆ ನೆಟ್ಟಗೆ ನಿಂತಿದೆ, ಇವಳು ನನ್ನ ಕೋಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

"ಕಳ್ಳಿ!" ಅಂದೆ.

"ಚಮಚ ಇಟ್ಟಾಯ್ತಲ್ಲ. ಹುಷಾರಾಗಿ ಹೋಗು, ರಸ್ತೆ ಜಾರುತ್ತೆ," ಅಂದಳು.

ಕಾರಿನಲ್ಲಿ ಕೂತು ಸ್ವಲ್ಪ ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಎಲ್ಲಾ ಸಲೀಸು. ನೆಟ್ಟಗೆ ಸ್ಕೂಲಿಗೆ ಹೋಗಿ ಕೋಲ್ಟನ್‌ನನ್ನು ಹಿಡಿದುಕೊಂಡೆ.

"ತಡೆಯೋರ ಕೈಲಿ ಚೆಂಡು ಹಾಕಿಸ್ಬೇಡಪ್ಪ. ಅವರ ಕೆಲಸ ಅದಲ್ಲ."

"ಯಾರನ್ನೂ ಬಿಡೋ ಹಾಗಿಲ್ಲ ಮಿಸೆಸ್ ಫ್ರೀಸ್, ಎಲ್ರಿಗೂ ಸಮಾನ ಅವಕಾಶ."

"ಹಾಗಾದ್ರೆ ಹಂದಿ ಸಾಕೋನ ಕೈಲೂ ನೀನು ಹಲ್ಲು ಕೀಳಿಸ್ತೀಯಾ? ಅವರು ಹಾಕೋರಲ್ಲ ಅಂದೆನಲ್ಲ."

ಅವನು ನಿಜವಾಗಿಯೂ ಯೋಚಿಸಿದ. ಹುಬ್ಬು ಗಂಟಿಕ್ಕಿ, ಪ್ರಾಮಾಣಿಕವಾಗಿ ಕೇಳಿದ. "ಮತ್ತೆ ಏನ್ ಮಾಡ್ತಾರೆ ಅವ್ರು? ಸುಮ್ನೆ ನಿಂತಿರೋದಾ?"

ಅವನಿಗೆ ಏನು ಹೇಳಲಿ! ಅವತ್ತೇ ಸಂಜೆ ವೆಲ್ಡಾಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ, ಇಬ್ಬರೂ ಸೇರಿ ಅವನನ್ನು ಬೈಯೋಣ ಅಂತ.

"ಹಾಗಂದ್ನಾ?" ಅಂದಳು.

"ಹಾಗೇ ಅಂದ."

"ಬರ್ತೀನಿ ಅಂತ ಹೇಳು ಅವ್ನಿಗೆ. ಬಂದು ಸುಮ್ನೆ ನಿಂತ್ಕೋತೀನಿ."

ಫೆಬ್ರವರಿಯ ಆ ದಿನ ಹೊರಗೆ ಮೂಗು ಉದುರಿಹೋಗುವ ಚಳಿ, ಒಳಗೆ ಪಾಪ್‌ಕಾರ್ನ್ ವಾಸನೆ. ಊರಿಗೆ ಊರೇ ಬಂದು ಕೂತಿತ್ತು. ನಮ್ಮ ಆರು ಜನರಲ್ಲಿ ಒಬ್ಬಳು ಮಣ್ಣು ಸೇರಿದ್ದಾಳೆ, ಒಬ್ಬಳು ಅರಿಜೋನಾದಲ್ಲಿ ಬಿಸಿಲು ಕಾಯಿಸುತ್ತಿದ್ದಾಳೆ. ಉಳಿದ ನಾಲ್ವರು ಹೋದೆವು. ನಾವಿಬ್ಬರು ಹಾಕುವವರು ಗೆರೆಯ ಈ ಕಡೆ, ವೆಲ್ಡಾ ಮತ್ತು ಇನ್ನೊಬ್ಬಳು ತಡೆಯುವವರು ಆ ಕಡೆ. ಅವರಿಬ್ಬರು ಕೈ ಬೀಸಿದರೆ ಸಾಕು ಅಂತ ಕೋಲ್ಟನ್ ತೀರ್ಮಾನಿಸಿದ್ದ. ಅರ್ಧ ಪಂದ್ಯ ಆಡಿ ಬೆವೆತಿದ್ದ ಈಗಿನ ಹುಡುಗಿಯರನ್ನು ವಿಶ್ರಾಂತಿಯ ಕೋಣೆಗೆ ಬಿಡದೆ, ನೋಡಲಿ ಅಂತ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದ. ಬ್ರಿನ್ ಅವರ ನಡುವೆ ನೀರು ಕುಡಿಯುತ್ತಾ ನಿಂತಿದ್ದಳು.

ಮೈಕಿನಲ್ಲಿ ಹೆಸರು ಕೂಗಿದರು. ವೆಲ್ಡಾ ಹೆಸರಿಗೆ ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು, ಚರ್ಚಿನಲ್ಲಿ ಹೊಸ ಪಾದ್ರಿಗೆ ತಟ್ಟುವ ಹಾಗೆ. ನನ್ನ ಜೊತೆಗಾತಿ ಊರುಗೋಲು ಕೋಲ್ಟನ್ ಕೈಗೆ ಕೊಟ್ಟು ಚೆಂಡು ಎಸೆದಳು. ಅದು ಬ್ಯಾಂಡಿನವರ ದೊಡ್ಡ ಡೋಲಿನ ಮೇಲೆ ಬಿದ್ದು ಢಂ ಅಂದಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆಮೇಲೆ ನಾನು. ತಿಂಗಳಿಂದ ಟ್ರ್ಯಾಕ್ಟರ್ ಶೆಡ್ಡಿನ ಮುಂದೆ ಹಿಮ ಕೆರೆದು ಅಭ್ಯಾಸ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಚೆಂಡು ಕೈಗೆ ಬಂತು. ಜನ ಎದ್ದು ನಿಂತರು. ಹಳೆಯ ಗಂಡಸರು, "ಹಾಕು ಮಿರ್ನಾ!" ಅಂತ ಕೂಗಿದರು. ನನ್ನ ಬುಟ್ಟಿ ಎದುರಿಗೇ ಇತ್ತು.

ಅದಕ್ಕೆ ಬೆನ್ನು ತಿರುಗಿಸಿದೆ. ನಡೆದು ಹೋಗಿ ಆ ಗೆರೆ ದಾಟಿದೆ. ನಮ್ಮ ಕಾಲದ ಒಬ್ಬ ಮುದುಕ ಮೇಲಿನ ಸಾಲಿನಿಂದ, "ಸೀಟಿ ಊದ್ರೋ! ಗೆರೆ ದಾಟಿದ್ಲು!" ಅಂತ ಕಿರುಚಿದ. ಊದಿಕೊಳ್ಳಲಿ ಅಂದುಕೊಂಡೆ. ವೆಲ್ಡಾ ಮುಂದೆ ಹೋಗಿ ನಿಂತೆ.

"ತಡಿ," ಅಂದೆ.

ಅವಳು ಹೂಗಳನ್ನು ಪಕ್ಕದವಳ ಕೈಗೆ ಕೊಟ್ಟಳು. ಕನ್ನಡಕ ತೆಗೆದು ಅದನ್ನೂ ಕೊಟ್ಟಳು. ಮೊಣಕಾಲು ಮಡಿಸಿದಳು, ಎರಡೂ ಕೀಲು ಲಟಕ್ ಅಂದದ್ದು ನನಗೆ ಕೇಳಿಸಿತು.

ನಾನು ಮೆಲ್ಲಗೆ, ಅವಳ ಕೈಗೆ ಸಿಗುವ ಹಾಗೆ, ಚೆಂಡು ಎತ್ತಿದೆ. ಜನ ನೋಡಲಿ ಅಂತ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು, ವಾಪಸು ತಂದು ನನ್ನ ಹೊಟ್ಟೆಗೆ ಗುದ್ದಿದಳು.

"ಏನೇ ಇದು, ಭಿಕ್ಷೆನಾ?" ಅಂದಳು ಪಿಸುಮಾತಿನಲ್ಲಿ. ಕಣ್ಣು ಕೆಂಡ. "ಸರಿಯಾಗಿ ಹಾಕು. ಇಲ್ದಿದ್ರೆ ಮನೆಗೆ ಹೋಗ್ತೀನಿ."

ಈಗ ನನ್ನ ತಲೆ ಕೆಟ್ಟಿತು. ಒಳ್ಳೆಯದು ಮಾಡಲು ಬಂದರೆ ಇವಳದೊಂದು ಕೊಬ್ಬು! ಹಾಕಿಯೇ ತೋರಿಸುತ್ತೇನೆ ಅಂದುಕೊಂಡೆ. ದೇವರಾಣೆಗೂ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಸನ್ಮಾನವೂ ಬೇಡವಾಗಿತ್ತು, ಗೆಳತಿಯೂ ಬೇಡವಾಗಿತ್ತು, ಆ ಬುಟ್ಟಿಯೊಂದೇ ಬೇಕಾಗಿತ್ತು. ಜೊತೆಗೆ ನನ್ನ ಹತ್ತಿರ ಅವಳಿನ್ನೂ ಎದುರಿಸದ ಒಂದು ಅಸ್ತ್ರವಿತ್ತು. ಹೋದ ವರ್ಷ ಆಪರೇಷನ್ ಮಾಡಿಸಿ ಸೊಂಟದ ಕೀಲು ಬದಲಿಸಿಕೊಂಡಿದ್ದೆ. ಹಳೆಯ ಸೊಂಟ ಅವಳಿಗೆ ಬಾಯಿಪಾಠ, ಈ ಉಕ್ಕಿನ ಸೊಂಟದ ಮರ್ಮ ಅವಳಿಗೇನು ಗೊತ್ತು!

ಎರಡು ಸಲ ಚೆಂಡು ಬಡಿದೆ. ಎಡಕ್ಕೆ ನೋಡಿದೆ, ಎಡ ಭುಜ ಇಳಿಸಿದೆ. ಈ ಮೋಸಕ್ಕೆ ಒಂದು ಕಾಲದಲ್ಲಿ ಸುತ್ತಿನ ಊರುಗಳ ಹುಡುಗಿಯರೆಲ್ಲ ಬಲಿ ಬಿದ್ದಿದ್ದರು. ಬಲಕ್ಕೆ ತಿರುಗಿ, ತಲೆಯ ಮೇಲಿಂದ, ಮೈಯಲ್ಲಿ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಹಾಕಿದೆ.

ಫಟ್!

ವೆಲ್ಡಾಳ ಕೈ ಬಡಿದು ಚೆಂಡು ನಾಲ್ಕನೆಯ ಸಾಲಿಗೆ ಹಾರಿ ಎಲ್ಡನ್‌ನ ಪಾಪ್‌ಕಾರ್ನ್ ಡಬ್ಬಿಗೆ ಬಿತ್ತು. ಅವನ ಸುತ್ತ ಕೂತವರ ತಲೆಯ ಮೇಲೆಲ್ಲ ಪಾಪ್‌ಕಾರ್ನ್. ಆಮೇಲೆ ಆ ಕಟ್ಟಡದ ಮಾಡು ಹೇಗೆ ಉಳಿಯಿತೋ ನನಗೆ ಗೊತ್ತಿಲ್ಲ. ಕಾಲು ಬಡಿದರು, ಕೂಗಿದರು, ಬ್ಯಾಂಡಿನವರು ಯಾರೂ ಹೇಳದೆ ಡೋಲು ಬಾರಿಸಿದರು. ಮೇಲಿನ ಸಾಲಿನ ಮುದುಕ ಮಾತ್ರ ಇನ್ನೂ ಸೀಟಿ, ಸೀಟಿ ಅನ್ನುತ್ತಿದ್ದ.

ವೆಲ್ಡಾ ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದಳು. "ಹೊಸ ಸೊಂಟನೂ ಅದೇ ಕಡೆ ಹೋಗುತ್ತಲ್ಲೇ," ಅಂದಳು.

ನಾನು ಅವಳನ್ನು ತಬ್ಬಿಕೊಂಡೆ. ಬೈಯಲೂ ಬೈದೆ. ನೀವು ನೋಡಿದಿರಲ್ಲ, ನನಗೆ ದಿನಾ ಇದೇ ಆಗುತ್ತಿತ್ತು ನೋಡಿ ಅಂತ ಆ ಜನಕ್ಕೆಲ್ಲ ಕೂಗಿ ಹೇಳಬೇಕು ಅನ್ನಿಸಿತು.

ಬ್ರಿನ್ ನೀರಿನ ಬಾಟಲಿ ಎಸೆದು ಓಡಿಬಂದಳು. "ಅಜ್ಜಿ! ಅದು ಹೇಗೆ ಮಾಡಿದ್ರಿ? ಅವರು ಎಡಕ್ಕೆ ಹೋಗ್ತಿದ್ರು, ನಾನಾಗಿದ್ರೆ ಎಡಕ್ಕೇ ಹಾರ್ತಿದ್ದೆ!" ಅವಳ ಹಿಂದೆ ಕೋಲ್ಟನ್ ಮೈಕು ಹಿಡಿದು ಬಂದ. "ಮಿಸೆಸ್ ಉಬ್ಬೆನ್, ಏನಾದ್ರೂ ಎರಡು ಮಾತು ಹೇಳಿ."

ವೆಲ್ಡಾ ಮೊದಲು ಕನ್ನಡಕ ಹಾಕಿಕೊಂಡಳು. ಮೈಕು ನೋಡಿದಳು, ಅವನನ್ನು ನೋಡಿದಳು.

"ನಾನೇನೂ ಮಾಡ್ಲಿಲ್ಲಪ್ಪ," ಅಂದಳು. "ಸುಮ್ನೆ ನಿಂತಿದ್ದೆ."

ಆಮೇಲೆ ಮೊಮ್ಮಗಳ ಕಿವಿ ಹಿಡಿದು ಹತ್ತಿರ ಎಳೆದುಕೊಂಡು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

ವಿರಾಮ ಮುಗಿದು ಪಂದ್ಯ ಮುಂದುವರಿಯಿತು. ಎದುರಿನ ತಂಡದಲ್ಲಿ ಒಬ್ಬಳು ಜಡೆ ಹುಡುಗಿ, ಮೊದಲರ್ಧದಲ್ಲಿ ನಮ್ಮವರನ್ನು ಹಿಡಿದು ಅರೆದಿದ್ದಳು. ಬ್ರಿನ್ ಅವಳೆದುರು ಹೋಗಿ ಮೊಣಕಾಲು ಮಡಿಸಿ ನಿಂತಳು. ಕಣ್ಣು ಕೆಳಗೆ. ವೆಲ್ಡಾ ನನ್ನ ಕೈ ಮುರಿಯುವ ಹಾಗೆ ಹಿಡಿದುಕೊಂಡು, "ನೋಡೇ, ನೋಡೇ, ಸೊಂಟ ನೋಡ್ತಿದಾಳೆ," ಅಂದಳು. ಕೆನ್ನೆ ಒದ್ದೆಯಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಆ ಉತ್ತರಾರ್ಧದಲ್ಲಿ ಬ್ರಿನ್ ಒಂದೂ ಬುಟ್ಟಿಗೆ ಹಾಕಲಿಲ್ಲ. ಆ ಜಡೆ ಹುಡುಗಿಯೂ ಹಾಕಲಿಲ್ಲ.

ಮರುದಿನ ವೆಲ್ಡಾ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಬಲ ಭುಜಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡಿದ್ದೆ. ಅವಳು ಪೇಪರು ಬಿಡಿಸಿ, ಆಟದ ಪುಟ ತೆಗೆದು, ಬೆರಳಿಟ್ಟು ಹುಡುಕಿ, ಒಂದು ಸಾಲು ಗಟ್ಟಿಯಾಗಿ ಓದಿದಳು.

"ಪಾಪ ಕಣೇ," ಅಂದಳು. "ಆ ಜಡೆ ಹುಡುಗಿಗೆ ನಿನ್ನೆ ಕೆಟ್ಟ ದಿನವಂತೆ."